ಕಣೆ, ಕೋಲು, ಸರಲು: ಬಾಣದಂಡದ ಸಸ್ಯಮೂಲ ಮತ್ತು ಪದಾರ್ಥ ವಿವೇಚನೆ

ಪಂಪನಿಂದ ಕುಮಾರವ್ಯಾಸನವರೆಗಿನ ಕವಿಗಳ ಯುದ್ಧವರ್ಣನೆಗಳನ್ನು ಬೋಧಿಸುವ ಅಧ್ಯಾಪಕರು ಆಶ್ರಯಿಸುವ ಅರ್ಥಕೋಶಗಳಲ್ಲಿ ಒಂದು ಏಕರೂಪತೆ ಎದ್ದು ಕಾಣುತ್ತದೆ. ಅಂಬು ಎಂದರೆ ಬಾಣ. ಸರಲ್ ಎಂದರೆ ಬಾಣ. ಕಣೆ, ಕೋಲ್, ಶರ, ಮಾರ್ಗಣ, ವಿಶಿಖ ಎಲ್ಲವೂ ಬಾಣ. ಇದರಿಂದ ಪದ್ಯದ ಅನ್ವಯಕ್ಕೆ ಅಡ್ಡಿಯಾಗುವುದಿಲ್ಲ ಎಂಬುದು ನಿಜ. ಆದರೆ ಒಂದೇ ವಸ್ತುವಿಗೆ ಇಷ್ಟು ಹೆಸರುಗಳು ಯಾವ ದಾರಿಯಿಂದ ಬಂದವು ಎಂಬ ಪ್ರಶ್ನೆಯನ್ನು ಪ್ರಾಸದ ಅಗತ್ಯ, ಪರ್ಯಾಯಪದಗಳ ಸಮೃದ್ಧಿ ಎಂಬ ಎರಡು ಸಿದ್ಧ ಉತ್ತರಗಳಿಂದ ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಈ ಹೆಸರುಗಳಲ್ಲಿ ಹಲವು ಮೂಲತಃ ಸಸ್ಯಗಳ ಅಥವಾ ಸಸ್ಯಭಾಗಗಳ ಹೆಸರುಗಳು. ಚಿಗುರನ್ನು ಬೆಳೆಯಗೊಟ್ಟು, ಬಲಿತುದನ್ನು ಕಾಲವರಿತು ಕೊಯ್ದು, ನೆರಳಲ್ಲಿ ಆರಿಸಿ, ಕೆಂಡದ ಮೇಲೆ ಕಾಯಿಸಿ ನೇರಮಾಡುವ ಒಂದು ದೀರ್ಘಕಾಲದ ಕಸುಬು ಅವುಗಳ ಬೆನ್ನಿಗಿದೆ. ಆ ಕಸುಬನ್ನು ಅರಿಯದೆ ಪದಗಳಿಗೆ ಅರ್ಥ ಹೇಳುವಾಗ ಏನು ಕೈಬಿಟ್ಟುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪರಿಶೀಲನೆ ಭಾಷಾಧ್ಯಯನದವರ ಪಾಲಿಗೆ ಬರಲು ಕಾರಣವೂ ಇದೆ. ಉತ್ಖನನಗಳಲ್ಲಿ ದೊರೆಯುವುದು ಕಬ್ಬಿಣದ ಇಲ್ಲವೆ ಎಲುಬಿನ ಬಾಣದ ಮೊನೆ. ದಂಡವು ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ವೀರಗಲ್ಲುಗಳ ಶಿಲ್ಪಿ ಬಿಲ್ಲುಗಾರನನ್ನೂ ಅವನ ಮೈಗೆ ನಟ್ಟ ಅಂಬುಗಳನ್ನೂ ಕಡೆದು ತೋರಿಸಿದ್ದಾನೆ. ಆದರೆ ಆ ಅಂಬು ಬಿದಿರಿನದೋ ಜೊಂಡಿನದೋ ಮರದ ರೆಂಬೆಯದೋ ಎಂಬುದನ್ನು ಕಲ್ಲಿನ ಗೆರೆಯಿಂದ ತಿಳಿಯಲಾಗದು. ಹೀಗಾಗಿ ಬಾಣದ ಬಹುಭಾಗವಾದ ದಂಡದ ವಿಷಯದಲ್ಲಿ ಉಳಿದಿರುವ ಪ್ರಮುಖ ಸಾಕ್ಷ್ಯವೆಂದರೆ ಪದ.

1. ನಿಘಂಟುಗಳ ಸಾಕ್ಷ್ಯ

ಅಮರಕೋಶದಿಂದ ಆರಂಭಿಸುವುದು ಯುಕ್ತ. ಕ್ಷತ್ರಿಯವರ್ಗದಲ್ಲಿ ಬಾಣದ ಪರ್ಯಾಯಗಳನ್ನು ಹೇಳುವಾಗ ಅಮರಸಿಂಹನು ಪೃಷತ್ಕ, ವಿಶಿಖ, ಅಜಿಹ್ಮಗ, ಖಗ, ಆಶುಗ ಮೊದಲಾದವುಗಳ ನಡುವೆ ಕಲಂಬ, ಶರ ಎಂಬ ಹೆಸರುಗಳನ್ನೂ ಕೊಡುತ್ತಾನೆ. ಮೊದಲಿನವು ಬಾಣದ ಕ್ರಿಯೆಯನ್ನು ವರ್ಣಿಸುವ ಪದಗಳು: ಅಜಿಹ್ಮಗವು ವಕ್ರವಿಲ್ಲದೆ ಹೋಗುವುದು, ಖಗವು ಆಕಾಶದಲ್ಲಿ ಚಲಿಸುವುದು, ಆಶುಗವು ಬೇಗ ಹೋಗುವುದು. ಕಲಂಬ ಮತ್ತು ಶರಗಳ ಸ್ವರೂಪ ಬೇರೆ. ಅದೇ ಕೋಶದ ವೈಶ್ಯವರ್ಗದಲ್ಲಿ ಕಲಂಬವೆಂದರೆ ಸೊಪ್ಪಿನ ದಂಟು; ವನೌಷಧಿವರ್ಗದಲ್ಲಿ ಶರವೆಂದರೆ ಒಂದು ಜಾತಿಯ ಎತ್ತರದ ಹುಲ್ಲು. ನಾನಾರ್ಥವರ್ಗದಲ್ಲಿ ಕಾಂಡ ಎಂಬ ಪದಕ್ಕೆ ದಂಡ, ಬಾಣ ಎಂಬ ಅರ್ಥಗಳು ಒತ್ತೊತ್ತಾಗಿ ಬಂದಿವೆ. ದಂಟು, ಹುಲ್ಲು, ಕಾಂಡ ಮೂರೂ ಬಾಣವಾಗಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಇದಕ್ಕಿಂತ ಸ್ವಾರಸ್ಯಕರವಾದುದು ತೇಜನ ಎಂಬ ಪದ. ಅಮರನು ಬಿದಿರಿನ ಪರ್ಯಾಯಗಳಲ್ಲಿ ತೇಜನವನ್ನೂ, ಶರವೆಂಬ ಹುಲ್ಲಿನ ಪರ್ಯಾಯಗಳಲ್ಲಿ ತೇಜನಕವನ್ನೂ ಹೇಳಿದ್ದಾನೆ. ಆತನಿಗಿಂತ ಬಹು ಹಿಂದಿನ ಐತರೇಯ ಬ್ರಾಹ್ಮಣವು ಬಾಣದ ಅಂಗಗಳನ್ನು ಒಂದೊಂದು ದೇವತೆಯೊಡನೆ ಸಮೀಕರಿಸುವಾಗ ಅನೀಕ, ಶಲ್ಯ, ತೇಜನ, ಪರ್ಣ ಎಂದು ನಾಲ್ಕು ಭಾಗಗಳನ್ನು ಗುರುತಿಸುತ್ತದೆ. ಅಲ್ಲಿ ತೇಜನವೆಂದರೆ ಬಾಣದ ದಂಡ. ಅಂಗದ ಹೆಸರೂ ಆ ಅಂಗವನ್ನು ಕೊಟ್ಟ ಗಿಡದ ಹೆಸರೂ ಒಂದೇ ಆಗಿವೆ. ಗರಿಗೆ ಬಂದಿರುವ ಪರ್ಣ ಎಂಬ ಹೆಸರೂ ಎಲೆಯನ್ನು ನೆನಪಿಸುವಂಥದೇ.

ಋಗ್ವೇದದ ಆರನೆಯ ಮಂಡಲದ ಕೊನೆಯ ಸೂಕ್ತ ಆಯುಧಗಳನ್ನು ಕುರಿತದ್ದು. ಅಲ್ಲಿ ಬಾಣವನ್ನು ಜಿಂಕೆಯ ಕೊಂಬಿನ ತಲೆಯುಳ್ಳದ್ದು, ಕಬ್ಬಿಣದ ಬಾಯುಳ್ಳದ್ದು ಎಂದು ಹೇಳಿ, ಅದನ್ನು ಪರ್ಜನ್ಯನ ಬೀಜದಿಂದ ಹುಟ್ಟಿದ್ದೆಂದು ಕರೆಯಲಾಗಿದೆ. ಅಥರ್ವವೇದದ ಮೊದಲ ಕಾಂಡದಲ್ಲಿಯೂ ಶರದ ತಂದೆ ಪರ್ಜನ್ಯನೆಂಬ ಭಾವನೆ ಇದೆ. ಇದನ್ನು ಕೇವಲ ದೈವೀಕರಣವೆಂದು ಓದುವುದು ಸಾಮಾನ್ಯ. ಶರವು ಮಳೆ ಬಿದ್ದೊಡನೆ ಬುಡದಿಂದ ಹೊಸ ಕುಡಿಗಳನ್ನು ಎಸೆದು, ಮಳೆಗಾಲ ಮುಗಿಯುವುದರೊಳಗೆ ಆಳೆತ್ತರವನ್ನು ಮೀರಿ ನಿಲ್ಲುವ ಗಿಡವೆಂಬುದನ್ನು ಬಲ್ಲವರಿಗೆ ಆ ಮಾತು ಗಿಡದ ಸ್ವಭಾವಕಥನವಾಗಿಯೂ ಕೇಳಿಸುತ್ತದೆ.

ಶರವು ಉತ್ತರಭಾರತದ ನದೀತೀರಗಳ ಮರಳುನೆಲದಲ್ಲಿ ಪೊದೆಪೊದೆಯಾಗಿ ಬೆಳೆಯುವ ಸಸ್ಯ. ಹಿಂದಿಯಲ್ಲಿ ಇದನ್ನು ಸರ್ಕಂಡಾ, ಮೂಂಜ್ ಎಂದು ಕರೆಯುತ್ತಾರೆ. ಉಪನಯನದ ಮೌಂಜಿಯೂ ಈ ಬಳಗದ ಹುಲ್ಲಿನದೇ. ಸಸ್ಯವಿಜ್ಞಾನಿಗಳು ಇದನ್ನು ಬಹುಕಾಲ ಕಬ್ಬಿನ ಕುಲವಾದ ಸ್ಯಾಕರಮ್‌ನಲ್ಲಿಯೇ ಇಟ್ಟಿದ್ದರು. ಈಚಿನ ವರ್ಗೀಕರಣದಲ್ಲಿ ಟ್ರೈಪಿಡಿಯಮ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಪಾಣಿನಿಯು ವನ ಶಬ್ದದ ನಕಾರಕ್ಕೆ ಣಕಾರ ವಿಧಿಸುವ ಸೂತ್ರದಲ್ಲಿ ಶರ ಮತ್ತು ಇಕ್ಷುಗಳನ್ನು ಪಕ್ಕಪಕ್ಕದಲ್ಲಿಯೇ ಹೆಸರಿಸಿರುವುದು ಇಲ್ಲಿ ನೆನಪಾಗುತ್ತದೆ. ಶರವಣವೆಂಬ ರೂಪ ಸಾಧುವಾಗುವುದು ಆ ಸೂತ್ರದಿಂದ. ಕಾರ್ತಿಕೇಯನು ಶರವಣಭವನಾದದ್ದೂ ಕೃಪ ಕೃಪಿಯರು ಶರಸ್ತಂಬದಲ್ಲಿ ಜನಿಸಿದ್ದೂ ಪುರಾಣಪ್ರಸಿದ್ಧ. ದೇವಸೇನಾನಿಯೂ ಧನುರ್ವೇದದ ಆಚಾರ್ಯನೂ ಬಾಣದ ಹುಲ್ಲಿನ ಮೆಳೆಯಲ್ಲಿಯೇ ಹುಟ್ಟಿದರೆಂಬ ಕಥನದ ಔಚಿತ್ಯವನ್ನು, ಶರ ಎಂದರೆ ಬಾಣ ಎಂದಷ್ಟೇ ಕಲಿತ ವಿದ್ಯಾರ್ಥಿ ಗ್ರಹಿಸಲಾರ. ಸೌಪ್ತಿಕಪರ್ವದ ಐಷೀಕ ಪ್ರಕರಣದಲ್ಲಿ ಅಶ್ವತ್ಥಾಮನು ಕೈಗೆ ಸಿಕ್ಕ ಹುಲ್ಲುಕಡ್ಡಿಯನ್ನೇ ಮಹಾಸ್ತ್ರವಾಗಿ ಪ್ರಯೋಗಿಸುತ್ತಾನೆ. ಬಾಣವು ಹುಲ್ಲಿನಿಂದ ಬಂದದ್ದೆಂಬ ತಿಳಿವಳಿಕೆ ಕೇಳುಗರಲ್ಲಿ ಜೀವಂತವಾಗಿದ್ದಾಗ ಆ ಸನ್ನಿವೇಶಕ್ಕೆ ಇದ್ದ ತೀವ್ರತೆಯೇ ಬೇರೆ.

2. ಶಾಸ್ತ್ರಗ್ರಂಥಗಳ ಆಯ್ಕೆಯ ನಿಯಮ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಆಯುಧಾಗಾರಾಧ್ಯಕ್ಷನನ್ನು ಕುರಿತ ಪ್ರಕರಣವಿದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದ್ದು ಸರ್ವವಿದಿತ. ಆ ಪ್ರಕರಣದಲ್ಲಿ ಬಾಣಗಳನ್ನು ವೇಣು, ಶರ, ಶಲಾಕಾ, ದಂಡಾಸನ, ನಾರಾಚ ಎಂದು ಐದು ಬಗೆಯಾಗಿ ಎಣಿಸಲಾಗಿದೆ. ಮೊದಲೆರಡು ಸ್ಪಷ್ಟವಾಗಿ ಬಿದಿರು ಮತ್ತು ಹುಲ್ಲು, ಶಲಾಕೆ ಕಡ್ಡಿ, ನಾರಾಚವು ಪೂರ್ತಿ ಲೋಹದ್ದು. ಮೊನೆಗಳು ಮಾತ್ರ ಕಬ್ಬಿಣ, ಎಲುಬು, ಮರಗಳಿಂದಾದವು; ಅವುಗಳ ಕೆಲಸ ಕತ್ತರಿಸುವುದು, ಭೇದಿಸುವುದು, ಹೊಡೆಯುವುದು. ಬಿಲ್ಲಿನ ಹೆದೆಗೆ ಹೇಳಿದ ಸಾಮಗ್ರಿಗಳಲ್ಲಿಯೂ ಮೂರ್ವೆ, ಎಕ್ಕ, ಸಣಬು, ಬಿದಿರುಗಳಿದ್ದು, ಪ್ರಾಣಿಜನ್ಯವಾದ ಸ್ನಾಯುವಿಗೆ ಕೊನೆಯ ಸ್ಥಾನ. ಇದಕ್ಕೆ ಹಿಂದಿನ ಕುಪ್ಯಾಧ್ಯಕ್ಷನ ಪ್ರಕರಣದಲ್ಲಿ ವೇಣುವರ್ಗವೆಂದು ಹಲವು ಜಾತಿಯ ಬಿದಿರುಗಳ ಪಟ್ಟಿಯೇ ಇದೆ. ಅದರಲ್ಲಿ ಒಂದರ ಹೆಸರು ಚಾಪ. ಅರಣ್ಯದ ಉತ್ಪನ್ನ ರಾಜ್ಯದ ಆಯುಧಶಾಲೆಗೆ ಬರುತ್ತಿದ್ದ ದಾರಿಯನ್ನು ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಓದಿದಾಗ ಕಾಣಬಹುದು. ಒಂದು ದಂಡಯಾತ್ರೆಗೆ ಬೇಕಾದ ಬಾಣಗಳನ್ನು ಕಬ್ಬಿಣದಿಂದಲೇ ಮಾಡುವುದು ಯಾವ ಅರಸನಿಗೂ ಸಾಧ್ಯವಿರಲಿಲ್ಲ.

ಯಾವ ಕಾಂಡವನ್ನು ಆರಿಸಬೇಕು ಎಂಬುದನ್ನು ಕೌಟಿಲ್ಯ ಹೇಳುವುದಿಲ್ಲ. ಅದು ಬರುವುದು ಧನುರ್ವೇದ ಗ್ರಂಥಗಳಲ್ಲಿ, ವಿಶೇಷವಾಗಿ ವಾಸಿಷ್ಠ ಧನುರ್ವೇದದಲ್ಲಿ ಹಾಗೂ 14ನೆಯ ಶತಮಾನದ ಶಾರ್ಙ್ಗಧರಪದ್ಧತಿಯ ಧನುರ್ವೇದ ಭಾಗದಲ್ಲಿ. ಅಲ್ಲಿನ ನಿಯಮದ ಸಾರ ಇಷ್ಟು: ಕಾಂಡವು ಅತಿ ದಪ್ಪವಾಗಿರಬಾರದು, ಅತಿ ತೆಳುವಾಗಿರಬಾರದು, ಮಾಗದೆ ಇರಬಾರದು, ಕೆಟ್ಟ ನೆಲದಲ್ಲಿ ಬೆಳೆದದ್ದಾಗಿರಬಾರದು, ಗೆಣ್ಣು ಕುಂದಿದ್ದು, ಸೀಳಿದ್ದು ವರ್ಜ್ಯ. ಗೆಣ್ಣು ತುಂಬಿದ, ಚೆನ್ನಾಗಿ ಮಾಗಿದ, ನಸುಹಳದಿ ಬಿಳುಪಿನ, ಸಕಾಲದಲ್ಲಿ ತಂದ, ಗಟ್ಟಿಯೂ ದುಂಡೂ ಆದ, ಒಳ್ಳೆಯ ಪ್ರದೇಶದಲ್ಲಿ ಹುಟ್ಟಿದ ಕಾಂಡ ಗ್ರಾಹ್ಯ. ಉದ್ದ ಒಂದು ಮುಷ್ಟಿ ಕಡಿಮೆಯಾದ ಎರಡು ಹಸ್ತ, ದಪ್ಪ ಕಿರುಬೆರಳಿನಷ್ಟು.

ಈ ಪಟ್ಟಿಯ ಪ್ರತಿಯೊಂದು ವಿಶೇಷಣವೂ ಹೊಲದಲ್ಲಿ ನಿಂತು ನೋಡಿದವನ ಮಾತು. ನಸುಹಳದಿ ಬಿಳುಪು ಬಣ್ಣದ ಸೊಗಸಿಗಾಗಿ ಹೇಳಿದ್ದಲ್ಲ. ಹಸಿರು ಆರಿ, ರಸ ಇಳಿದು, ಕಾಂಡ ಬಲಿತುದರ ಗುರುತು ಅದು. ಹಸಿರಿರುವಾಗ ಕೊಯ್ದರೆ ಒಣಗುತ್ತ ಸುಕ್ಕಿ ಸೊಟ್ಟಗಾಗುತ್ತದೆ. ಹೂಗೊಂಚಲು ಉದುರಿದ ಮೇಲೂ ಬಹುಕಾಲ ಗಾಳಿ, ಇಬ್ಬನಿಗಳಿಗೆ ಒಡ್ಡಿ ಬಿಟ್ಟರೆ ಬೂದುಬಣ್ಣಕ್ಕೆ ತಿರುಗಿ ಸೀಳುತ್ತದೆ. ಆ ಹೊತ್ತಿಗೆ ಅದು ವಿದೀರ್ಣವೆಂಬ ದೋಷಕ್ಕೆ ಗುರಿಯಾಗುತ್ತದೆ. ಸಕಾಲವೆಂಬುದು ಈ ಎರಡರ ನಡುವಣ ಅವಧಿ, ಎಂದರೆ ಮಳೆಗಾಲ ಕಳೆದು ಹೂ ಬಂದ ಮೇಲಿನ ಚಳಿಗಾಲ.

ಗ್ರಂಥಿ ಎಂಬ ಪದದ ಬಗ್ಗೆ ಎಚ್ಚರ ಅಗತ್ಯ. ಮರಗೆಲಸದ ಪರಿಚಯವಿರುವ ಇಂದಿನ ಓದುಗನಿಗೆ ಗ್ರಂಥಿಯೆಂದರೆ ಹಲಗೆಯ ಗಂಟು, ಆದ್ದರಿಂದ ದೋಷ. ಇಲ್ಲಿ ಪೂರ್ಣಗ್ರಂಥಿಯು ಗುಣ. ಹುಲ್ಲುಜಾತಿಯ ಟೊಳ್ಳುಕಾಂಡಕ್ಕೆ ಗೆಣ್ಣೇ ಅಡ್ಡಗೋಡೆ. ಕಾಂಡ ಬಾಗಿದಾಗ ಚಪ್ಪಟೆಯಾಗಿ ಕುಸಿಯದಂತೆ ಹಿಡಿಯುವುದು ಅದೇ. ಗೆಣ್ಣು ಪೂರ್ತಿ ಗಟ್ಟಿಯಾಗಿದ್ದರೆ ಆ ಕುಡಿಯ ಬೆಳವಣಿಗೆ ಮುಗಿದಿದೆ ಎಂದರ್ಥ. ಗಂಟಿಲ್ಲದ ಕೋಲನ್ನೇ ಉತ್ತಮವೆಂದು ಭಾವಿಸಿ ಈ ಪದ್ಯಗಳಿಗೆ ಅರ್ಥ ಬರೆದರೆ ತಾತ್ಪರ್ಯವೇ ತಲೆಕೆಳಗಾಗುತ್ತದೆ.

ಅದೇ ಗ್ರಂಥಗಳು ಬಾಣಗಳನ್ನು ಸ್ತ್ರೀ, ಪುರುಷ, ನಪುಂಸಕ ಎಂದು ಮೂರಾಗಿ ವಿಂಗಡಿಸುತ್ತವೆ. ಮುಂಭಾಗ ದಪ್ಪವಾದದ್ದು ಸ್ತ್ರೀ, ಅದು ದೂರ ಹೋಗುತ್ತದೆ; ಹಿಂಭಾಗ ದಪ್ಪವಾದದ್ದು ಪುರುಷ, ಅದು ಗಟ್ಟಿಯಾದುದನ್ನು ಭೇದಿಸುತ್ತದೆ; ಎರಡೂ ಕಡೆ ಸಮವಾದದ್ದು ನಪುಂಸಕ, ಅದು ಗುರಿಯ ಅಭ್ಯಾಸಕ್ಕೆ ಯೋಗ್ಯ. ಈ ವಿಂಗಡಣೆಯನ್ನು ಶಾಸ್ತ್ರಕಾರರ ವರ್ಗೀಕರಣಪ್ರಿಯತೆಯ ಉದಾಹರಣೆಯೆಂದು ನಕ್ಕು ಬಿಡುವವರುಂಟು. ನೆಲದಿಂದ ಎದ್ದ ಯಾವ ಕುಡಿಯೂ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಬುಡದ ಕಡೆಗೆ ಮೊನೆ ಕಟ್ಟಿದರೆ ಮುಂಭಾಗ ಭಾರವಾದ ಬಾಣ, ತುದಿಗೆ ಕಟ್ಟಿದರೆ ಹಿಂಭಾಗ ಭಾರವಾದ ಬಾಣ ಸಿದ್ಧವಾಗುತ್ತದೆ. ಮೂರನೆಯದಕ್ಕೆ ಮಾತ್ರ ಕೆತ್ತಿ ಸಮಮಾಡುವ ಶ್ರಮ ಬೇಕು. ಈ ವರ್ಗೀಕರಣ ಹುಟ್ಟಿದ್ದು ಹಲಗೆಯಿಂದ ಕಡೆದ ಕೋಲಿನಿಂದಲ್ಲ, ಬೆಳೆದ ಕುಡಿಯಿಂದ ಎಂದು ಊಹಿಸಲು ಇದು ಸಾಕಷ್ಟು ಆಧಾರವೆಂದು ನನ್ನ ಭಾವನೆ.

3. ಬೆಳೆಸುವ ಮತ್ತು ಕೊಯ್ಯುವ ಕ್ರಮ

ಹಲಗೆಯನ್ನು ಸೀಳಿ ದುಂಡಗೆ ಹೆರೆದರೂ ಬಾಣದಂಡವಾಗುತ್ತದೆ. ಹಾಗಿದ್ದೂ ಜಗತ್ತಿನ ಬಹುಪಾಲು ಬಿಲ್ಲುಗಾರರು ಕುಡಿಯನ್ನೇ ಹುಡುಕಿಕೊಂಡು ಹೋದದ್ದೇಕೆ? ಕುಡಿಯಲ್ಲಿ ನಾರಿನ ಎಳೆಗಳು ಬುಡದಿಂದ ತುದಿಯವರೆಗೆ ಕಡಿಯದೆ ಸಾಗುತ್ತವೆ. ಹಲಗೆಯಿಂದ ತೆಗೆದ ಕೋಲಿನಲ್ಲಿ ಎಳೆ ಓರೆಯಾಗಿ ಪಕ್ಕಕ್ಕೆ ಹೊರಬಿದ್ದರೆ ಅಲ್ಲಿಯೇ ಮುರಿಯುತ್ತದೆ. ಇನ್ನೊಂದು ಕಾರಣ ಬಳುಕು. ಬಾಣವನ್ನು ಬಿಟ್ಟ ಕ್ಷಣದಲ್ಲಿ ಹೆದೆಯ ನೂಕಿಗೆ ದಂಡವು ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗಿ, ಮತ್ತೆ ಎಡಬಲಕ್ಕೆ ತುಯ್ದಾಡುತ್ತ ನೇರಗೊಳ್ಳುತ್ತದೆ. ತೀರ ಬಿರುಸಾದರೆ ಒಂದು ಕಡೆಗೆ, ತೀರ ಮೆತುವಾದರೆ ಇನ್ನೊಂದು ಕಡೆಗೆ ಸರಿದು ಗುರಿ ತಪ್ಪುತ್ತದೆ. ಬಿಲ್ಲಿನ ಬಲಕ್ಕೆ ದಂಡದ ಬಳುಕು ಹೊಂದಬೇಕು. ಬತ್ತಳಿಕೆಯ ಎಲ್ಲ ಬಾಣಗಳ ಬಳುಕೂ ಒಂದೇ ಸಮನಾಗಿರಬೇಕು. ಒಂದೇ ಮೆಳೆಯಿಂದ, ಒಂದೇ ವಯಸ್ಸಿನ, ಒಂದೇ ದಪ್ಪದ ಕುಡಿಗಳನ್ನು ಕೊಯ್ಯುವುದು ಇದಕ್ಕಾಗಿ.

ಬಿದಿರಿನ ವಿಷಯದಲ್ಲಿ ಒಂದು ಸಂಗತಿಯನ್ನು ಮೊದಲು ತಿಳಿಯಬೇಕು. ಕಳಲೆ ನೆಲದಿಂದ ಹೊರಬರುವಾಗ ಎಷ್ಟು ದಪ್ಪವೋ ಮುಂದೆಯೂ ಅಷ್ಟೇ ದಪ್ಪ. ಬಿದಿರು ಮರದಂತೆ ವರ್ಷವರ್ಷಕ್ಕೆ ಸುತ್ತಳತೆ ಹೆಚ್ಚಿಸಿಕೊಳ್ಳುವುದಿಲ್ಲ. ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರಕ್ಕೆ ಏರಿ, ಆ ಬಳಿಕ ಎರಡು ಮೂರು ವರ್ಷ ಒಳಗೊಳಗೇ ಬಲಿಯುತ್ತದೆ. ಮೊದಲ ವರ್ಷದ್ದು ನೋಟಕ್ಕೆ ಪೂರ್ತಿ ಬೆಳೆದ ಬಿದಿರೇ. ಆದರೆ ನೀರೂ ಪಿಷ್ಟವೂ ತುಂಬಿದ ಎಳಸು. ಅದನ್ನು ಗುರುತಿಸುವುದು ಗೆಣ್ಣಿಗೆ ಅಂಟಿಕೊಂಡ ಹೊದಿಕೆಯಿಂದ, ಮೈಮೇಲಿನ ಬಿಳಿಯ ಬೂದಿಯಿಂದ. ಬಲಿತುದರ ಹೊದಿಕೆ ಉದುರಿ, ಬೂದಿ ಅಳಿಸಿ, ಬೆರಳಿನಿಂದ ಬಡಿದರೆ ಗಟ್ಟಿಯಾದ ನಾದ ಹೊರಡುತ್ತದೆ. ಪ್ರತಿವರ್ಷ ಬಲಿತ ಕೆಲವನ್ನು ಮಾತ್ರ ತೆಗೆದು ಎಳೆಯದನ್ನು ಬಿಟ್ಟರೆ, ಅವು ನೆಲದೊಳಗಿನ ಬೇರುಕಾಂಡಕ್ಕೆ ಆಹಾರ ಒದಗಿಸಿ ಮುಂದಿನ ಮಳೆಗೆ ಮತ್ತೆ ಕಳಲೆ ಕೊಡುತ್ತವೆ. ದುರಾಸೆಯಿಂದ ಪೂರ್ತಿ ಮೆಳೆಯನ್ನು ಬೋಳಿಸಿದರೆ ಮರುವರ್ಷ ಬರುವುದು ಕಡ್ಡಿಯಂಥ ಕುಡಿ.

ಮೆಳೆ ಒತ್ತಾಗಿರುವುದು ಒಳ್ಳೆಯದು. ಬೆಳಕಿಗಾಗಿ ಪೈಪೋಟಿ ನಡೆಸುವ ಕುಡಿಗಳು ಪಕ್ಕಕ್ಕೆ ಕವಲೊಡೆಯದೆ ನೇರವಾಗಿ ಮೇಲೇರುತ್ತವೆ. ಮರಜಾತಿಯ ಪೊದೆಗಳಿಗೂ ಈ ಮಾತು ಅನ್ವಯಿಸುತ್ತದೆ: ಪೊದೆಯನ್ನು ಬುಡಮಟ್ಟಕ್ಕೆ ಕಡಿದಾಗ ಬೊಡ್ಡೆಯಿಂದ ಹೊರಡುವ ಹೊಸ ಚಿಗುರುಗಳು ಹಳೆಯ ರೆಂಬೆಗಳಿಗಿಂತ ಉದ್ದ, ನೇರ ಮತ್ತು ಗಂಟಿಲ್ಲದವು. ಎರಡನೆಯ ಇಲ್ಲವೆ ಮೂರನೆಯ ವರ್ಷಕ್ಕೆ ಅವು ಕಿರುಬೆರಳಿನ ದಪ್ಪಕ್ಕೆ ಬರುತ್ತವೆ. ಅತಿಯಾಗಿ ಕೊಬ್ಬಿದ, ಸದಾ ನೀರು ನಿಂತ ನೆಲದಲ್ಲಿ ಆತುರದಿಂದ ಬೆಳೆದ ಕುಡಿ ಹಗುರವೂ ಮೆತುವೂ ಆಗಿರುತ್ತದೆ. ಶಾಸ್ತ್ರಕಾರನು ಕುಭೂಮಿ ಎಂದದ್ದರಲ್ಲಿ ಇಂಥ ನೆಲವೂ ಸೇರಿತ್ತೆನ್ನಬಹುದು.

ಕೊಯ್ದ ಮೇಲೆ ಬೇಕಾದ ಉದ್ದಕ್ಕಿಂತ ಗೇಣುದ್ದ ಹೆಚ್ಚಾಗಿಯೇ ಬಿಡಬೇಕು, ಏಕೆಂದರೆ ಒಣಗುವಾಗ ಸೀಳು ತುದಿಗಳಿಂದಲೇ ಆರಂಭವಾಗುತ್ತದೆ. ಹತ್ತಿಪ್ಪತ್ತನ್ನು ಒಂದು ಕಟ್ಟಾಗಿ ಬಿಗಿದು, ಬಿಸಿಲು ತಾಗದೆ ಗಾಳಿ ಆಡುವ ಕಡೆ ವಾರಗಟ್ಟಲೆ, ದಪ್ಪನಾದದ್ದಾದರೆ ತಿಂಗಳುಗಟ್ಟಲೆ ಇರಿಸುತ್ತಾರೆ. ಕಟ್ಟಿನ ಬಿಗಿತ ಒಂದನ್ನೊಂದು ನೇರವಾಗಿ ಹಿಡಿದಿಡುತ್ತದೆ. ಬಿದಿರಾದರೆ ಹುಳುವಿನ ಭಯವೂ ಇದೆ. ಅದನ್ನು ಕೊರೆಯುವ ಕೀಟಕ್ಕೆ ಬೇಕಾದದ್ದು ಕಾಂಡದೊಳಗಿನ ಪಿಷ್ಟ. ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿದರೆ ಅದು ಕರಗಿಹೋಗಿ ಹುಳು ತಾಗುವುದು ಕಡಿಮೆಯಾಗುತ್ತದೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಹಿಡಿಯದೆಂಬ ನಂಬಿಕೆ ದೇಶದ ಹಲವೆಡೆ ಇದೆ. ಚಂದ್ರನ ಪ್ರಭಾವ ಹೇಗೇ ಇರಲಿ, ಆ ನಂಬಿಕೆಯು ಕೊಯ್ಲನ್ನು ಮನಬಂದ ದಿನಕ್ಕೆ ಬಿಡದೆ ಕಾಲಕ್ಕೆ ಕಟ್ಟಿಹಾಕಿತ್ತು.

ಆರಿದ ಕುಡಿಯನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ, ಡೊಂಕಿದ್ದ ಕಡೆ ಎದುರುದಿಕ್ಕಿಗೆ ಬಾಗಿಸಿ, ತಣಿಯುವವರೆಗೆ ಹಿಡಿದರೆ ಅದು ಹಾಗೆಯೇ ನಿಲ್ಲುತ್ತದೆ. ಕಾವು ಹೆಚ್ಚಾದರೆ ಕರಕಾಗಿ ಮುರಿಯುತ್ತದೆ. ಗೆಣ್ಣಿನ ಉಬ್ಬನ್ನು ಮಟ್ಟಮಾಡಬಹುದು. ಬಿದಿರಿನ ಹೊರಮೈಯನ್ನು ಮಾತ್ರ ಆಳವಾಗಿ ಹೆರೆಯಬಾರದು, ಏಕೆಂದರೆ ನಾರು ದಟ್ಟವಾಗಿರುವುದು ಸಿಪ್ಪೆಯ ಒತ್ತಿನಲ್ಲಿ. ಬಿದಿರಿಗೆ ಅಮರಸಿಂಹನು ಹೇಳಿದ ತ್ವಕ್ಸಾರ, ತ್ವಚಿಸಾರ ಎಂಬ ಹೆಸರುಗಳ ಅರ್ಥ ಸಿಪ್ಪೆಯಲ್ಲಿ ಸತ್ತ್ವವುಳ್ಳದ್ದು ಎಂದು. ಇಂದಿನ ವಸ್ತುವಿಜ್ಞಾನ ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ಕೋಶಕಾರ ಹೆಸರಿನಲ್ಲಿಯೇ ಇಟ್ಟಿದ್ದಾನೆ.

4. ಇತರ ನಾಡುಗಳಲ್ಲಿ

ಪದ ಮತ್ತು ಸಸ್ಯಗಳ ಈ ನಂಟು ಭಾರತಕ್ಕೆ ಸೀಮಿತವಲ್ಲ. ಲ್ಯಾಟಿನ್ನಿನ ಅರುಂಡೊ ಎಂಬ ಪದಕ್ಕೆ ಜೊಂಡು, ಬಾಣ ಎರಡೂ ಅರ್ಥ. ಗ್ರೀಕ್ ಸಸ್ಯಶಾಸ್ತ್ರಜ್ಞ ಥಿಯೋಫ್ರಾಸ್ಟಸ್ ಜೊಂಡಿನ ಬಗೆಗಳನ್ನು ಹೇಳುವಾಗ ಬಿಲ್ಲಿನ ಹೆಸರನ್ನೇ ಹೊತ್ತ ಕ್ರೀಟ್ ದ್ವೀಪದ ಜಾತಿಯೊಂದನ್ನು ಪ್ರಸ್ತಾಪಿಸಿ, ಅದಕ್ಕೆ ಗೆಣ್ಣು ಕಡ್ಡಿಮೆ, ತಿರುಳು ಹೆಚ್ಚು, ಕಾಯಿಸಿದರೆ ಬೇಕಾದಂತೆ ಬಾಗುತ್ತದೆ ಎನ್ನುತ್ತಾನೆ. ಜಪಾನಿನಲ್ಲಿ ಯಾದಾಕೆ ಎಂಬ ಸಣ್ಣ ಬಿದಿರಿನ ಹೆಸರಿಗೆ ಬಾಣದ ಬಿದಿರು ಎಂದೇ ಅರ್ಥ. ಮೂರು ವರ್ಷ ಬಲಿತ ಕಾಂಡಗಳನ್ನು ಚಳಿಗಾಲದ ಆರಂಭದಲ್ಲಿ ಕಡಿದು, ಗೆಣ್ಣುಗಳು ಸಮಾನ ಎತ್ತರಕ್ಕೆ ಬರುವಂತೆ ಹೊಂದಿಸಿ, ಕೆಂಡದಲ್ಲಿ ನೇರಮಾಡುವ ಕುಶಲಕರ್ಮಿಗಳು ಅಲ್ಲಿ ಇಂದಿಗೂ ಇದ್ದಾರೆ.

ಮರದ ಕುಡಿಯ ದಂಡಕ್ಕೆ ಅತ್ಯುತ್ತಮ ನಿದರ್ಶನ ದೊರೆತದ್ದು ಮಂಜಿನಲ್ಲಿ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮನದಿಯಲ್ಲಿ ಸಿಕ್ಕ, ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನ ಬತ್ತಳಿಕೆಯಲ್ಲಿ 14 ದಂಡಗಳಿದ್ದವು. ಅವುಗಳಲ್ಲಿ 2 ಮಾತ್ರ ಗರಿ ಮೊನೆಗಳೊಡನೆ ಸಿದ್ಧವಾಗಿದ್ದವು. ಉಳಿದ 12 ತೊಗಟೆ ತೆಗೆದು ಅರ್ಧಕ್ಕೆ ಬಿಟ್ಟವು. ದಂಡಗಳು ವೈಬರ್ನಮ್ ಲಂಟಾನ ಎಂಬ ಪೊದೆಯ ಚಿಗುರುಗಳಿಂದಾದವು. ಅವುಗಳ ಉದ್ದ 84ರಿಂದ 87 ಸೆಂಟಿಮೀಟರ್. ಒಂದು ಹಸ್ತವನ್ನು ಸುಮಾರು 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಧನುರ್ವೇದದ ಅಳತೆ 80ರ ಆಸುಪಾಸಿಗೆ ಬರುತ್ತದೆ. ಮನುಷ್ಯನ ತೋಳಿನ ಅಳತೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಸಾಮ್ಯದಲ್ಲಿ ಅಚ್ಚರಿಪಡುವಂಥದೇನಿಲ್ಲ.

ಕ್ಯಾಲಿಫೋರ್ನಿಯದ ಮೂಲನಿವಾಸಿಗಳು ಪೊದೆಗಳನ್ನು ಬೇಕೆಂದೇ ಸುಟ್ಟು ಅಥವಾ ಕಡಿದು, ಮುಂದಿನ ಋತುವಿನಲ್ಲಿ ಬರುವ ನೇರ ಚಿಗುರುಗಳನ್ನು ಬುಟ್ಟಿಗೂ ಬಾಣಕ್ಕೂ ಬಳಸುತ್ತಿದ್ದರು. ಕ್ಯಾಟ್ ಆಂಡರ್ಸನ್ ಅವರ 2005ರ ಅಧ್ಯಯನ ಇದನ್ನು ವಿಸ್ತಾರವಾಗಿ ದಾಖಲಿಸಿದೆ. ಹೊರಗಿನವರು ತಾನಾಗಿ ಬೆಳೆದ ಕಾಡೆಂದು ಭಾವಿಸಿದ್ದು ವಾಸ್ತವದಲ್ಲಿ ಕೃಷಿಯ ಒಂದು ರೂಪವಾಗಿತ್ತು. ಅದೇ ಪ್ರದೇಶದ ಯಾಹಿ ಜನಾಂಗದ ಇಷಿ ಎಂಬಾತ 1911ರಲ್ಲಿ ಹೊರಜಗತ್ತಿನ ಸಂಪರ್ಕಕ್ಕೆ ಬಂದು 1916ರಲ್ಲಿ ತೀರಿಕೊಂಡ. ಅವನು ಚಿಗುರುಗಳನ್ನು ಆರಿಸಿ, ಕಟ್ಟು ಕಟ್ಟಿ ನೆರಳಲ್ಲಿ ಆರಿಸಿ, ಕೆಂಡದಲ್ಲಿ ತಿದ್ದುತ್ತಿದ್ದ ಬಗೆಯನ್ನು ಅವನ ವೈದ್ಯನಾಗಿದ್ದ ಸ್ಯಾಕ್ಸ್ಟನ್ ಪೋಪ್ 1918ರಲ್ಲಿ ಪ್ರಕಟಿಸಿದ. ಒಬ್ಬ ವ್ಯಕ್ತಿ ಕೇಳಿ, ನೋಡಿ, ಬರೆದಿಟ್ಟುಕೊಂಡ ಕಾರಣದಿಂದ ಒಂದು ಜನಾಂಗದ ವಿದ್ಯೆಯ ಇಷ್ಟು ಭಾಗ ಉಳಿಯಿತು.

5. ಕನ್ನಡದ ಪದಗಳು

ಈಗ ಕನ್ನಡಕ್ಕೆ ಬರೋಣ. ಕೋಲ್ ಎಂಬುದರ ವಿಷಯ ಸರಳ. ಊರುಗೋಲು, ಅಳತೆಗೋಲು, ಕೋಲಾಟ ಎಲ್ಲೆಡೆ ಇರುವುದು ಕಡಿದು ತಂದ ಕಡ್ಡಿ. ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಅದೇ ಬಾಣವೂ ಹೌದು. ಕಣೆಯ ಕಥೆ ಇನ್ನಷ್ಟು ಕುತೂಹಲಕರ. ತಮಿಳಿನ ಕಣೈ, ಮಲಯಾಳದ ಕಣ ಎಂಬ ರೂಪಗಳೊಡನೆ ಇಟ್ಟು ನೋಡಿದಾಗ ಬಾಣವೆಂಬ ಅರ್ಥದ ಜತೆಗೆ ದುಂಡುಕಾಂಡ, ದಂಡ, ಹಿಡಿಕೆಗಳ ಅರ್ಥಗಳೂ ಕಾಣುತ್ತವೆ. ಕನ್ನಡದಲ್ಲಿ ಕಾಮನ ಪೂಗಣೆ, ಅಲರ್ಗಣೆ ಎಂಬ ಸಮಾಸಗಳಲ್ಲಿ ಆದೇಶಸಂಧಿಯಿಂದ ಗಣೆಯಾಗುವ ಈ ಪದ, ಬಿದಿರಿನ ಗಳ ಎಂಬ ಅರ್ಥದ ಗಣೆಯೊಡನೆ ಒಂದೇ ಬಳಗದ್ದೆಂದು ತೋರುತ್ತದೆ. ಕಾಡುಗೊಲ್ಲರು ಜುಂಜಪ್ಪನ ಕಾವ್ಯಕ್ಕೆ ನುಡಿಸುವ ಉದ್ದನೆಯ ಕೊಳಲಿನ ಹೆಸರೂ ಗಣೆಯೇ. ಟೊಳ್ಳುಕಾಂಡಕ್ಕೆ ರಂಧ್ರ ಕೊರೆದರೆ ವಾದ್ಯ, ಮೊನೆ ಕಟ್ಟಿದರೆ ಆಯುಧ. ಎರಡಕ್ಕೂ ಬೇಕಾದದ್ದು ನೇರವಾದ, ಬಲಿತ, ಸೀಳಿಲ್ಲದ ಗಳ. ಕಾಮನಿಗೆ ಕರ್ಬುವಿಲ್ಲನೆಂಬ ಹೆಸರೂ ಇದೆ. ಕಬ್ಬಿನ ಬಿಲ್ಲು ಕವಿಕಲ್ಪನೆಯೇ ಸರಿ. ಕಬ್ಬು ಮತ್ತು ಶರ ಒಂದೇ ವಂಶದ ಹುಲ್ಲುಗಳೆಂದು ತಿಳಿದಾಗ ಆ ಕಲ್ಪನೆಗೆ ಕಾಲೂರಲು ಸ್ವಲ್ಪ ನೆಲ ಸಿಗುತ್ತದೆ.

ಸರಲ್, ಸರಳ್ ರೂಪಗಳು ಇಂದು ಕಿಟಕಿಯ ಸರಳು, ಕಬ್ಬಿಣದ ಸರಳು ಎಂಬ ಬಳಕೆಯಲ್ಲಿ ಉಳಿದಿವೆ. ಇದರ ಪರಿಣಾಮವಾಗಿ ಕುಮಾರವ್ಯಾಸನ ಸರಳು ಎಂಬ ಮಾತು ವಿದ್ಯಾರ್ಥಿಯ ಮನಸ್ಸಿನಲ್ಲಿ ಲೋಹದ ಕಂಬಿಯನ್ನು ಮೂಡಿಸುತ್ತದೆ. ದೂರದರ್ಶನದ ಪುರಾಣ ಧಾರಾವಾಹಿಗಳು ಆ ಚಿತ್ರವನ್ನು ಗಟ್ಟಿಮಾಡಿವೆ. ಒಬ್ಬರ ಕೋಲನ್ನು ಇನ್ನೊಬ್ಬರು ನಡುದಾರಿಯಲ್ಲಿ ತರಿಯುವುದು, ಕಡಿದ ಕೋಲುಗಳು ರಾಶಿಬೀಳುವುದು, ಹಿಳುಕು ಒಂದು ಕಡೆ ಅಲಗು ಒಂದು ಕಡೆ ಬೀಳುವುದು ನಮ್ಮ ಕಾವ್ಯಗಳ ಪರಿಚಿತ ವರ್ಣನೆಗಳು. ಕಂಬಿಯನ್ನು ಕಲ್ಪಿಸಿಕೊಂಡರೆ ಇದು ಬರಿಯ ಅತಿಶಯೋಕ್ತಿ. ಬಿದಿರಿನ ದಂಡಕ್ಕೆ ಒಂದು ಕಡೆ ಅಲಗನ್ನು ಬಿಗಿದು, ಇನ್ನೊಂದು ಕಡೆ ಗರಿ ಕಟ್ಟಿದ ಮೂರು ತುಂಡಿನ ವಸ್ತುವೆಂದು ತಿಳಿದರೆ ಉತ್ಪ್ರೇಕ್ಷೆಯ ಒಳಗೂ ಒಂದು ಕಣ್ಣಳತೆ ಇರುವುದು ಗೋಚರಿಸುತ್ತದೆ. ನಾರಾಚ ಎಂಬ ಪದ ಬಂದಲ್ಲಿ ಕವಿ ನಿಜವಾಗಿಯೂ ಲೋಹದ ಬಾಣವನ್ನು ಉದ್ದೇಶಿಸಿದ್ದಾನೆಯೇ, ಅಥವಾ ಅವನ ಕಾಲಕ್ಕೆ ಅದೂ ಸಾಮಾನ್ಯಪದವಾಗಿತ್ತೇ ಎಂಬುದನ್ನು ಪ್ರಯೋಗಗಳನ್ನು ಎಣಿಸಿ ನಿರ್ಧರಿಸಬೇಕು. ಎಲ್ಲವನ್ನೂ ಬಾಣವೆಂದು ಬರೆದ ಮೇಲೆ ಆ ಎಣಿಕೆಗೆ ಅವಕಾಶವೇ ಉಳಿಯುವುದಿಲ್ಲ. ಆದ್ದರಿಂದ ಹೊಸದಾಗಿ ಸಿದ್ಧವಾಗುವ ಪಠ್ಯಗಳ ಅರ್ಥಕೋಶದಲ್ಲಿ ಕೋಲ್ ಎಂಬುದಕ್ಕೆ ‘ಕಡ್ಡಿ, ಇಲ್ಲಿ, ಬಾಣ’ ಎಂದೂ, ಕಣೆಗೆ ‘ದುಂಡುಕಾಂಡ, ಬಾಣದ ದಂಡ, ಬಾಣ’ ಎಂದೂ, ಹಿಳುಕಿಗೆ ‘ಬಾಣದ ಗರಿ ಕಟ್ಟಿದ ಭಾಗ’ ಎಂದೂ ಬರೆಯುವುದು ಅವಶ್ಯ. ಇದಕ್ಕೆ ತಗಲುವ ಜಾಗ ಪುಟಕ್ಕೆ ಒಂದೆರಡು ಸಾಲು.

ಕ್ಷೇತ್ರಕಾರ್ಯದ ಕೆಲಸ ಇದಕ್ಕಿಂತ ತುರ್ತಿನದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದ ಬಳಿಕ ಬಿಲ್ಲುಬೇಟೆಗೆ ಸಹಜವಾಗಿಯೇ ಸ್ಥಾನವಿಲ್ಲವಾಗಿದೆ. ಕ್ರೀಡೆಯ ಬಾಣ ಇಂಗಾಲದ ಎಳೆಗಳಿಂದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆದರೆ ಕಾಂಡವನ್ನು ಆರಿಸುವ ಅರಿವು ಬಾಣದೊಡನೆಯೇ ಹೋಗಿಲ್ಲ. ಬುಟ್ಟಿ, ಮೊರ, ಏಣಿ, ಕೊಳಲುಗಳ ಕಸುಬಿನಲ್ಲಿ, ಮೇದಾರರ ಕೈಯಲ್ಲಿ, ಮಲೆನಾಡಿನ ವಾಟೆಯ ಬಳಕೆಯಲ್ಲಿ ಅದು ಇನ್ನೂ ಇದೆ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಅರಣ್ಯ ಕಾಯ್ದೆಯ ಮರ ಎಂಬ ವ್ಯಾಖ್ಯೆಯಿಂದ ಕೈಬಿಟ್ಟಿರುವುದರಿಂದ ಹಿತ್ತಲಿನಲ್ಲಿ ಮೆಳೆ ಬೆಳೆಸಿ ಕಡಿಯುವುದಕ್ಕೂ ಹಿಂದಿನ ತೊಡಕಿಲ್ಲ. ವೃತ್ತಿಪದಗಳನ್ನು ಸಂಗ್ರಹಿಸುವ ಸಂಶೋಧಕರು ಸಾಮಾನ್ಯವಾಗಿ ಸಿದ್ಧವಸ್ತುವಿನ ಮತ್ತು ಉಪಕರಣದ ಹೆಸರುಗಳನ್ನು ಕೇಳಿ ಬರುತ್ತಾರೆ. ಮೊದಲ ವರ್ಷದ ಕುಡಿಗೆ ಏನೆನ್ನುತ್ತೀರಿ, ಎರಡನೆಯ ವರ್ಷದ್ದಕ್ಕೆ ಏನು, ಬಡಿದು ನೋಡಿದಾಗ ಬರುವ ನಾದಕ್ಕೆ ಹೆಸರಿದೆಯೇ, ಗೆಣ್ಣಿನ ಮೇಲಿನ ಹೊದಿಕೆಗೆ, ಬೂದಿಗೆ, ಬಾಗಿಸಲು ತಕ್ಕ ಕಾವಿಗೆ, ಆರುವಾಗ ಬಿಡುವ ಸೀಳಿಗೆ ಏನೆನ್ನುತ್ತೀರಿ ಎಂದೂ ಕೇಳಬೇಕು. ಉತ್ತರ ಬಂದಾಗ ಪದವನ್ನು ಬರೆದುಕೊಂಡರೆ ಸಾಲದು. ಆ ಕಾಂಡದ ಗೆಣ್ಣುಸಹಿತವಾದ ತುಂಡೊಂದನ್ನು ಎಲೆಯೊಡನೆ ತಂದು ಸಸ್ಯವಿಜ್ಞಾನ ವಿಭಾಗದಲ್ಲಿ ಗುರುತಿಸಿ, ಸ್ಥಳ ಮತ್ತು ತಿಂಗಳನ್ನು ನಮೂದಿಸಿ ಪದದ ಚೀಟಿಯ ಜತೆಗೆ ಇಡಬೇಕು. ವಾಟೆ ಎಂಬ ಒಂದೇ ಹೆಸರು ಎರಡು ಊರುಗಳಲ್ಲಿ ಒಂದೇ ಗಿಡವನ್ನು ಸೂಚಿಸುತ್ತದೆಯೇ ಎಂಬುದು ಆಗ ಮಾತ್ರ ಇತ್ಯರ್ಥವಾಗುತ್ತದೆ.